ಸ್ಪ್ಯಾನಿಷ್ ಭಾಷೆಯಲ್ಲಿ ಸಮತೆಯ ಹೋಲಿಕೆ

ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಮನುಷ್ಯನ ಬುದ್ಧಿಗೆ ಸಹಜವಾದ ವ್ಯಾಪಾರ. ಹಾಗೆ ನೋಡಿದಾಗ ಮೂರು ಫಲಗಳು ಸಾಧ್ಯ: ಒಂದು ಇನ್ನೊಂದಕ್ಕಿಂತ ಹೆಚ್ಚಾಗಿರಬಹುದು, ಕಡಮೆಯಾಗಿರಬಹುದು, ಅಥವಾ ಎರಡೂ ಸಮವಾಗಿರಬಹುದು. ಹೆಚ್ಚು ಕಡಮೆಗಳನ್ನು ಹೇಳುವುದು ಬಹು ಕಷ್ಟವಲ್ಲ. ಸಮವೆಂದು ಹೇಳುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಯಾವುದರಲ್ಲಿ ಸಮ? ಯಾರಿಗೆ ಸಮ? ಸಮವೆಂದರೆ ಎರಡೂ ಒಂದೇ ಎಂದರ್ಥವೋ, ಅಥವಾ ಒಂದು ಅಳತೆಯಲ್ಲಿ ಮಾತ್ರ ಸರಿಸಮವೆಂದರ್ಥವೋ? ಈ ಪ್ರಶ್ನೆಗಳನ್ನು ಕೆಲವು ಭಾಷೆಗಳು ಕೇಳುವವನ ಊಹೆಗೆ ಬಿಟ್ಟುಬಿಡುತ್ತವೆ. ಮತ್ತೆ ಕೆಲವು ಭಾಷೆಗಳು ಅವನ್ನು ತಮ್ಮ ವ್ಯಾಕರಣದಲ್ಲಿಯೇ ಇರಿಸಿಕೊಂಡು, ಆಡುವವನು ಬಾಯಿ ತೆರೆಯುವ ಮೊದಲೇ ಉತ್ತರವನ್ನು ಕೇಳುತ್ತವೆ. ಈ ಎರಡನೆಯ ಗುಂಪಿಗೆ ಸೇರಿದುದು ಸ್ಪ್ಯಾನಿಷ್ ಭಾಷೆ. ಅದು ಸಮತೆಯನ್ನು ಹೇಳುವ ಕ್ರಮವೇನೆಂಬುದನ್ನು ಈ ಹೊತ್ತು ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಆ ಭಾಷೆಯ ಪರಿಚಯ ಒಂದೆರಡು ಮಾತಿನಲ್ಲಿ. ಸ್ಪ್ಯಾನಿಷ್ ಲ್ಯಾಟಿನ್ನಿನ ಸಂತತಿ. ಇಟಾಲಿಯನ್, ಫ್ರೆಂಚ್, ಪೋರ್ಚುಗೀಸ್ ಭಾಷೆಗಳ ಒಡಹುಟ್ಟು. ಸ್ಪೇನ್ ದೇಶದ ಕ್ಯಾಸ್ಟೀಲ್ ಪ್ರಾಂತದಲ್ಲಿ ಬೆಳೆದುದರಿಂದ ಅದಕ್ಕೆ ಕ್ಯಾಸ್ಟಿಲಿಯನ್ ಎಂಬ ಹೆಸರೂ ಉಂಟು. 1492ರಲ್ಲಿ, ಕೊಲಂಬಸನು ಪಶ್ಚಿಮ ಸಮುದ್ರವನ್ನು ದಾಟಿದ ವರ್ಷದಲ್ಲಿಯೇ, ಆಂತೋನಿಯೊ ದೆ ನೆಬ್ರೀಹ ಎಂಬ ಪಂಡಿತನು ಸಲಮಾಂಕ ನಗರದಲ್ಲಿ ಅದರ ವ್ಯಾಕರಣವೊಂದನ್ನು ಅಚ್ಚುಮಾಡಿಸಿದನು. ಆ ಮೇಲೆ ಆ ಭಾಷೆ ಹಡಗುಗಳನ್ನೇರಿ ಅಮೆರಿಕ ಖಂಡಗಳಿಗೆ ಹೋಯಿತು. ಇಂದು ಸುಮಾರು 20 ದೇಶಗಳಲ್ಲಿ ಅದು ರಾಜ್ಯಭಾಷೆ. ಅದನ್ನು ತಾಯ್ನುಡಿಯಾಗಿ ಆಡುವವರ ಸಂಖ್ಯೆ 50 ಕೋಟಿಗೆ ಸಮೀಪವಾಗಿದೆ. ನಮಗೂ ಅದಕ್ಕೂ ನೇರವಾದ ಬಳಕೆ ಕಡಮೆ. ಆದರೂ ಅದರ ಒಡಹುಟ್ಟಾದ ಪೋರ್ಚುಗೀಸ್ ನಮ್ಮ ಪಡುವಣ ಕರಾವಳಿಗೆ ಬಂದು, ಪಾದ್ರಿ, ಪಗಾರ ಮುಂತಾದ ಶಬ್ದಗಳನ್ನು ನಮ್ಮಲ್ಲಿ ಬಿಟ್ಟುಹೋಗಿದೆ. ಸ್ಪ್ಯಾನಿಷ್‌ನಲ್ಲಿ ತಂದೆಗೆ ಪಾದ್ರೆ ಎಂದೂ ಹಣ ಕೊಡುವುದಕ್ಕೆ ಪಗಾರ್ ಎಂದೂ ಹೆಸರು. ಆದುದರಿಂದ ನಾವು ಹೋಗುತ್ತಿರುವುದು ತೀರ ಅಪರಿಚಿತರ ಮನೆಗಲ್ಲ.

ಉಚ್ಚಾರಣೆಯ ವಿಷಯದಲ್ಲಿ ಕನ್ನಡಿಗನಿಗೆ ಒಂದು ಅನುಕೂಲವಿದೆ. ಇಂಗ್ಲಿಷರ ಟಕಾರ ಡಕಾರಗಳು ಸ್ಪ್ಯಾನಿಷ್‌ನಲ್ಲಿಲ್ಲ. ಅಲ್ಲಿರುವುದು ನಮ್ಮ ತಕಾರ ದಕಾರಗಳಂತೆ ಹಲ್ಲಿಗೆ ನಾಲಗೆ ತಾಗಿಸಿ ನುಡಿಯುವ ದಂತ್ಯಗಳು. ಆದುದರಿಂದ ಮುಂದೆ ಬರುವ ಶಬ್ದಗಳನ್ನು ಇಂಗ್ಲಿಷಿನ ಮೂಲಕ ಓದದೆ, ಕನ್ನಡದ ಅಕ್ಷರಗಳಲ್ಲಿರುವಂತೆಯೇ ಓದಿದರೆ ಸಾಕು.

ಪರಭಾಷೆಯ ಕ್ರಮವನ್ನು ತಿಳಿಯುವುದಕ್ಕೆ ಮುಂಚೆ ನಮ್ಮ ಭಾಷೆಯ ಕ್ರಮವನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ಕನ್ನಡದಲ್ಲಿ ಸಮತೆಯ ಭಾರವನ್ನೆಲ್ಲ ಹೊರುವುದು 'ಅಷ್ಟು' ಎಂಬ ಒಂದೇ ಶಬ್ದ. ಹಳಗನ್ನಡದಲ್ಲಿ ಅದರ ಸ್ಥಾನದಲ್ಲಿ 'ಅನಿತು' ಇತ್ತು. ರಾಮನು ಭೀಮನಷ್ಟು ಎತ್ತರ. ರಾಮನಲ್ಲಿ ಭೀಮನಲ್ಲಿರುವಷ್ಟು ಹಣವಿದೆ. ರಾಮನು ಭೀಮನಷ್ಟು ದುಡಿಯುತ್ತಾನೆ. ಮೊದಲನೆಯ ವಾಕ್ಯದಲ್ಲಿ ಅಳೆದದ್ದು ಗುಣವನ್ನು, ಎರಡನೆಯದರಲ್ಲಿ ವಸ್ತುವನ್ನು, ಮೂರನೆಯದರಲ್ಲಿ ಕೆಲಸವನ್ನು. ಅಳೆದ ಪದಾರ್ಥ ಬೇರೆ ಬೇರೆಯಾದರೂ ಅಳೆಯುವ ಕೊಳಗ ಒಂದೇ. ಲಿಂಗ ವಚನಗಳ ಭೇದವೂ ಅದನ್ನು ಮುಟ್ಟುವುದಿಲ್ಲ. ಇದು ನಮ್ಮ ಭಾಷೆಯ ಸೌಲಭ್ಯ. ಸ್ಪ್ಯಾನಿಷ್ ಕಲಿಯುವಾಗ ನಮ್ಮವರಿಗೆ ತೊಡಕು ಬರುವುದೂ ಈ ಸೌಲಭ್ಯದಿಂದಲೇ. ಏಕೆಂದರೆ ಅಲ್ಲಿ ಕೊಳಗ ಒಂದಲ್ಲ.

ಈಗ ಸ್ಪ್ಯಾನಿಷ್ ವಾಕ್ಯವೊಂದನ್ನು ಕೇಳೋಣ: ಪೇದ್ರೊ ಎಸ್ ತಾನ್ ಆಲ್ತೊ ಕೋಮೊ ಹ್ವಾನ್. 'ಪೇದ್ರೊ ಹ್ವಾನನಷ್ಟು ಎತ್ತರವಾಗಿದ್ದಾನೆ' ಎಂದರ್ಥ. ನಮ್ಮ ಆಲಂಕಾರಿಕರು ಉಪಮೆಗೆ ನಾಲ್ಕು ಅಂಗಗಳನ್ನು ಹೇಳಿದ್ದಾರಷ್ಟೆ: ಉಪಮೇಯ, ಉಪಮಾನ, ಸಾಧಾರಣಧರ್ಮ, ಉಪಮಾವಾಚಕ. ಈ ವಾಕ್ಯವನ್ನು ಆ ನಾಲ್ಕು ಅಂಗಗಳಾಗಿ ಬಿಡಿಸಿದರೆ ಎಲ್ಲವೂ ಸ್ಪಷ್ಟವಾಗುತ್ತದೆ. ಪೇದ್ರೊ ಉಪಮೇಯ, ಹ್ವಾನ್ ಉಪಮಾನ, ಆಲ್ತೊ, ಎಂದರೆ ಎತ್ತರ, ಸಾಧಾರಣಧರ್ಮ, ಎಸ್ ಎಂಬುದು 'ಇದ್ದಾನೆ' ಎಂಬ ಕ್ರಿಯಾಪದ. ಉಳಿದ ತಾನ್ ಮತ್ತು ಕೋಮೊ ಎಂಬ ಎರಡು ಶಬ್ದಗಳು ಸೇರಿ ವಾಚಕದ ಕೆಲಸವನ್ನು ಮಾಡುತ್ತವೆ. ಕನ್ನಡದಲ್ಲಿ ವಾಚಕ ಒಂದೇ, ಅದೂ ಉಪಮಾನದ ಬೆನ್ನಿಗೆ ಅಂಟಿಕೊಂಡಿರುತ್ತದೆ. ಸ್ಪ್ಯಾನಿಷ್‌ನಲ್ಲಿ ಅದು ಎರಡಾಗಿ ಒಡೆದು, ತಾನ್ ಎಂಬುದು ಅಳೆಯತಕ್ಕ ಗುಣದ ಮುಂದೆಯೂ ಕೋಮೊ ಎಂಬುದು ಅಳತೆಗೋಲಾದ ವ್ಯಕ್ತಿಯ ಮುಂದೆಯೂ ನಿಲ್ಲುತ್ತದೆ. ಯಾವುದರಲ್ಲಿ ಸಮ ಎಂಬುದಕ್ಕೆ ಒಂದು ಗುರುತು, ಯಾರಿಗೆ ಸಮ ಎಂಬುದಕ್ಕೆ ಇನ್ನೊಂದು. ನಾವು ಉಪಮಾನವನ್ನು ಮೊದಲು ಹೇಳುತ್ತೇವೆ. ಅವರು ಕಡೆಯಲ್ಲಿ ಹೇಳುತ್ತಾರೆ.

ಪೇದ್ರೊವಿನ ಸ್ಥಾನದಲ್ಲಿ ಮರೀಯ ಎಂಬ ಹೆಂಗಸು ಬಂದರೆ ವಾಕ್ಯ ಹೀಗಾಗುತ್ತದೆ: ಮರೀಯ ಎಸ್ ತಾನ್ ಆಲ್ತ ಕೋಮೊ ಹ್ವಾನ್. ಆಲ್ತೊ ಎಂಬುದು ಆಲ್ತ ಎಂದಾಯಿತು. ಗುಣವಾಚಕವು ತಾನು ವರ್ಣಿಸುವ ನಾಮಪದದ ಲಿಂಗವಚನಗಳನ್ನು ಅನುಸರಿಸುವುದು ಸಂಸ್ಕೃತದಲ್ಲಿರುವಂತೆಯೇ ಇಲ್ಲಿಯೂ ನಿಯಮ. ಆದರೆ ತಾನ್ ಎಂಬುದು ಅಲುಗಲಿಲ್ಲ. ಗಂಡಸಾಗಲಿ ಹೆಂಗಸಾಗಲಿ, ಒಬ್ಬರಾಗಲಿ ಹಲವರಾಗಲಿ, ಅದು ಅವ್ಯಯ. ಕ್ರಿಯಾವಿಶೇಷಣದ ಮುಂದೆಯೂ ಇದೇ ತಾನ್ ಬರುತ್ತದೆ. ದೆಸ್ಪಾಸಿಯೊ ಎಂದರೆ ಮೆಲ್ಲಗೆ; ತಾನ್ ದೆಸ್ಪಾಸಿಯೊ ಕೋಮೊ ಹ್ವಾನ್ ಎಂದರೆ ಹ್ವಾನನಷ್ಟು ಮೆಲ್ಲಗೆ. ಒಟ್ಟಿನಲ್ಲಿ, ಗುಣವನ್ನಾಗಲಿ ರೀತಿಯನ್ನಾಗಲಿ ಅಳೆಯುವಾಗ ತಾನ್ ಎಂಬುದು ಮೊದಲನೆಯ ಬಗೆ.

ವಸ್ತುವನ್ನು ಅಳೆಯಬೇಕಾದಾಗ ಎರಡನೆಯ ಬಗೆ ಬರುತ್ತದೆ. ತೆಂಗೊ ತಾಂತೊಸ್ ಲೀಬ್ರೊಸ್ ಕೋಮೊ ತೂ: 'ನಿನ್ನಲ್ಲಿರುವಷ್ಟು ಪುಸ್ತಕಗಳು ನನ್ನಲ್ಲಿವೆ.' ಇಲ್ಲಿನ ತೆಂಗೊ ಎಂಬುದಕ್ಕೂ ನಮ್ಮ ತೆಂಗಿಗೂ ಏನೂ ಸಂಬಂಧವಿಲ್ಲ. 'ನನ್ನಲ್ಲಿ ಇದೆ' ಎಂದು ಅದರ ಅರ್ಥ. ಗಮನಿಸಬೇಕಾದುದು ತಾಂತೊಸ್ ಎಂಬ ಶಬ್ದ. ತಾನ್ ಎಂಬುದು ಇಲ್ಲಿ ಉದ್ದವಾಗಿ, ನಾಮಪದಕ್ಕೆ ತಕ್ಕ ವೇಷವನ್ನು ಧರಿಸಿದೆ. ಪುಸ್ತಕವೆಂಬ ಶಬ್ದ ಆ ಭಾಷೆಯಲ್ಲಿ ಪುಲ್ಲಿಂಗ, ಬಹುವಚನದಲ್ಲಿದೆ, ಆದುದರಿಂದ ತಾಂತೊಸ್. ಮನೆ, ಎಂದರೆ ಕಾಸ, ಸ್ತ್ರೀಲಿಂಗ. ಆದುದರಿಂದ ಮನೆಗಳಿಗೆ ತಾಂತಸ್ ಕಾಸಸ್. ಹಣಕ್ಕೆ ದಿನೇರೊ ಎಂದು ಹೆಸರು, ಪುಲ್ಲಿಂಗ ಏಕವಚನ, ತಾಂತೊ ದಿನೇರೊ. ತಾಳ್ಮೆ ಪಸಿಯೆನ್ಸಿಯ, ಸ್ತ್ರೀಲಿಂಗ ಏಕವಚನ, ತಾಂತ ಪಸಿಯೆನ್ಸಿಯ. ಹೀಗೆ ನಾಲ್ಕು ರೂಪಗಳು: ತಾಂತೊ, ತಾಂತ, ತಾಂತೊಸ್, ತಾಂತಸ್. ಮನೆಗೆ ಸ್ತ್ರೀಲಿಂಗವೇಕೆ, ಪುಸ್ತಕಕ್ಕೆ ಪುಲ್ಲಿಂಗವೇಕೆ ಎಂದು ಕೇಳಿ ಪ್ರಯೋಜನವಿಲ್ಲ. ಹೆಂಡತಿ ಎಂಬರ್ಥದ ದಾರ ಶಬ್ದವನ್ನು ಪುಲ್ಲಿಂಗವಾಗಿಯೂ ಕಲತ್ರ ಶಬ್ದವನ್ನು ನಪುಂಸಕವಾಗಿಯೂ ಕಲಿತ ಸಂಸ್ಕೃತ ವಿದ್ಯಾರ್ಥಿಗೆ ಇದೇನೂ ಹೊಸದಲ್ಲ. ಸಂಸ್ಕೃತದಲ್ಲಿ 'ಅಷ್ಟು' ಎಂಬುದಕ್ಕೆ ತಾವಾನ್, ತಾವತೀ, ತಾವತ್ ಎಂದು ಮೂರು ಲಿಂಗಗಳಲ್ಲಿ ರೂಪಗಳಿರುವುದನ್ನು ನೆನೆದರೆ, ತಾಂತೊ ತಾಂತಗಳು ನಮ್ಮ ಹಳೆಯ ಪರಿಚಿತರ ದೂರದ ನೆಂಟರೆಂದು ತೋರುತ್ತದೆ. ಅದು ಬರಿಯ ತೋರಿಕೆಯೂ ಅಲ್ಲ. ತಾವತ್ ಎಂಬುದರ ಮೊದಲಿನ ತಕಾರವೂ ಲ್ಯಾಟಿನ್ನಿನ ತಾಂತುಸ್ ಎಂಬುದರ ಮೊದಲಿನ ತಕಾರವೂ ಒಂದೇ ಮೂಲದ ಸರ್ವನಾಮದಿಂದ ಹುಟ್ಟಿದವು. ಆ ತಾಂತುಸ್ ಎಂಬುದೇ ಸ್ಪ್ಯಾನಿಷ್‌ನಲ್ಲಿ ತಾಂತೊ ಆಗಿರುವುದು.

ಮೂರನೆಯ ಬಗೆ, ಕೆಲಸವನ್ನು ಅಳೆಯುವುದು. ತ್ರಬಾಹ ತಾಂತೊ ಕೋಮೊ ಸು ಪಾದ್ರೆ: 'ಅವನು ತನ್ನ ತಂದೆಯಷ್ಟು ದುಡಿಯುತ್ತಾನೆ.' ಇಲ್ಲಿ ತಾಂತೊ ಕ್ರಿಯಾಪದದ ಹಿಂದೆಯೇ ಬಂದು ಕೋಮೊ ಎಂಬುದರೊಡನೆ ಕೂಡಿಕೊಂಡಿದೆ. ದುಡಿಯುವವಳು ಮಗಳಾದರೂ, ದುಡಿಯುವವರು ನಾಲ್ವರಾದರೂ, ಇಲ್ಲಿ ತಾಂತೊ ಎಂಬುದು ತಾಂತೊ ಆಗಿಯೇ ಇರುತ್ತದೆ. ಕಾರಣ ಸುಲಭ. ಕ್ರಿಯೆಗೆ ಲಿಂಗವಿಲ್ಲ, ಅನುಸರಿಸುವುದಕ್ಕೆ ಏನೂ ಇಲ್ಲದಾಗ ಶಬ್ದವು ತನ್ನ ಸಹಜರೂಪದಲ್ಲಿ ನಿಂತುಬಿಡುತ್ತದೆ.

ಗುಣದ ಮುಂದೆ ಮಾತ್ರ ತಾಂತೊ ಕುಗ್ಗಿ ತಾನ್ ಆಗುವುದೇಕೆ? ಇದು ಒಂಟಿಯಾದ ವಿಚಿತ್ರವಲ್ಲ. ಆ ಭಾಷೆಯಲ್ಲಿ ಇದರ ಜೊತೆಗೆ ಇನ್ನೊಂದು ಉದಾಹರಣೆಯಿದೆ. 'ಬಹಳ' ಎಂಬುದಕ್ಕೆ ಸ್ಪ್ಯಾನಿಷ್ ಶಬ್ದ ಮೂಚೊ. ಬಹಳ ಹಣ ಎನ್ನಬೇಕಾದರೆ ಮೂಚೊ ದಿನೇರೊ. ಬಹಳ ಎತ್ತರ ಎನ್ನಬೇಕಾದರೆ ಮುಯ್ ಆಲ್ತೊ. ಗುಣವಾಚಕದ ಮುಂದೆ ಮೂಚೊ ಎಂಬುದು ಮುಯ್ ಆಗುವಂತೆಯೇ ತಾಂತೊ ಎಂಬುದು ತಾನ್ ಆಗುತ್ತದೆ. ಹಿಂದಿನ ಶಬ್ದವು ಮುಂದಿನ ಗುಣವಾಚಕಕ್ಕೆ ಒರಗಿಕೊಂಡು, ಎರಡೂ ಒಂದೇ ಉಸಿರಿನಲ್ಲಿ ಬರುವಾಗ, ಒರಗಿದುದು ಸವೆಯುವುದು ಭಾಷೆಗಳಲ್ಲಿ ಸಾಮಾನ್ಯ. ಕಲಿಯುವವರು ಒಂದು ಜೋಡಿಯನ್ನು ನೆನಪಿನಲ್ಲಿಟ್ಟರೆ ಇನ್ನೊಂದು ತಾನಾಗಿ ಬರುತ್ತದೆ. ಮುಯ್ ಬರುವ ಕಡೆ ತಾನ್, ಮೂಚೊ ಬರುವ ಕಡೆ ತಾಂತೊ. ಇದಕ್ಕಿಂತ ಸುಲಭವಾದ ಸೂತ್ರ ನಮಗೆ ತಿಳಿದಿಲ್ಲ.

ಇನ್ನು ಕೋಮೊ ಎಂಬ ಶಬ್ದ. ಲ್ಯಾಟಿನ್ನಿನಲ್ಲಿ ಸಮತೆಯನ್ನು ಹೇಳುವಾಗ ತಾಮ್ ಎಂಬುದಕ್ಕೆ ಕ್ವಾಮ್, ತಾಂತುಸ್ ಎಂಬುದಕ್ಕೆ ಕ್ವಾಂತುಸ್ ಜೊತೆಯಾಗಿ ಬರುತ್ತಿತ್ತು. ಎಷ್ಟು ನೀರೋ ಅಷ್ಟು ಬೆಳೆ ಎಂದು ನಾವು ಹೇಳುವಾಗ ಎಷ್ಟು ಅಷ್ಟುಗಳು ಜೋಡಿಯಾಗಿ ಬರುವ ಹಾಗೆ. ಸ್ಪ್ಯಾನಿಷ್ ಬೆಳೆದಂತೆ ಈ ಜೊತೆಗಾರರ ಸ್ಥಳವನ್ನು ಕೋಮೊ ಆಕ್ರಮಿಸಿತು. ಅದರ ಮೂಲ ಲ್ಯಾಟಿನ್ನಿನ ಕ್ವೋಮೊದೊ. 'ಯಾವ ರೀತಿಯಲ್ಲಿ' ಎಂದು ಅದರ ಅರ್ಥ. ಇಂದಿಗೂ 'ಹೇಗೆ?' ಎಂದು ಕೇಳಲು ಸ್ಪ್ಯಾನಿಷರು ಕೋಮೊ ಎನ್ನುತ್ತಾರೆ. ಆದುದರಿಂದ ಅವರ ಸಮತೆಯ ವಾಕ್ಯದಲ್ಲಿ ಮೊದಲಿನ ಅರ್ಧ ಅಳತೆಯದು, ಕಡೆಯ ಅರ್ಧ ರೀತಿಯದು. 'ಅಷ್ಟು ಎತ್ತರ, ಹ್ವಾನ್ ಹೇಗೋ ಹಾಗೆ' ಎಂದಂತಾಯಿತು.

ಈ ಎರಡು ಅರ್ಧಗಳನ್ನು ಬೇರ್ಪಡಿಸಿ ನೋಡಿದರೆ ಒಂದು ಸೊಗಸಾದ ಭೇದ ಗೋಚರವಾಗುತ್ತದೆ. ಬ್ಲಾಂಕೊ ಕೋಮೊ ಲಾ ನಿಯೇವೆ ಎಂದರೆ 'ಹಿಮದಂತೆ ಬಿಳುಪಾದ' ಎಂದರ್ಥ. ತಾನ್ ಬ್ಲಾಂಕೊ ಕೋಮೊ ಲಾ ನಿಯೇವೆ ಎಂದರೆ 'ಹಿಮದಷ್ಟು ಬಿಳುಪಾದ' ಎಂದರ್ಥ. ಮೊದಲನೆಯದು ಚಿತ್ರ, ಅಲ್ಲಿ ಯಾರೂ ಹಿಮವನ್ನು ತಂದು ಪಕ್ಕದಲ್ಲಿಟ್ಟು ಬಿಳುಪನ್ನು ತೂಗುವುದಿಲ್ಲ. ಎರಡನೆಯದು ಅಳತೆ. ಕನ್ನಡದಲ್ಲಿ ಅಂತೆ, ಅಷ್ಟು ಎಂಬ ಎರಡು ಬೇರೆ ಶಬ್ದಗಳು ಮಾಡುವ ಕೆಲಸವನ್ನು ಸ್ಪ್ಯಾನಿಷ್ ತಾನ್ ಎಂಬ ಒಂದೇ ಮಾತ್ರೆಯ ಇರವು ಇಲ್ಲದಿರವುಗಳಿಂದ ಸಾಧಿಸುತ್ತದೆ. ಕವಿಗೆ ಕೋಮೊ ಒಂದೇ ಸಾಕು. ನ್ಯಾಯಾಧಿಪತಿಗೂ ವರ್ತಕನಿಗೂ ತಾನ್ ಅಥವಾ ತಾಂತೊ ಸಹ ಬೇಕು.

ಕೋಮೊ ಎಂಬುದರ ಸ್ಥಾನದಲ್ಲಿ ಕೆ ಎಂಬ ಇನ್ನೊಂದು ಅವ್ಯಯವನ್ನು ಇಟ್ಟರೆ ಅರ್ಥ ಪೂರ್ತಿಯಾಗಿ ಪಲ್ಲಟವಾಗುತ್ತದೆ. ಎಸ್ತಾ ತಾನ್ ಕನ್ಸಾದೊ ಕೋಮೊ ಹ್ವಾನ್: 'ಅವನು ಹ್ವಾನನಷ್ಟು ದಣಿದಿದ್ದಾನೆ.' ಎಸ್ತಾ ತಾನ್ ಕನ್ಸಾದೊ ಕೆ ನೊ ಪ್ವೇದೆ ಅಬ್ಲಾರ್: 'ಮಾತನಾಡಲಾರದಷ್ಟು ದಣಿದಿದ್ದಾನೆ.' ಮೊದಲನೆಯದು ಹೋಲಿಕೆ, ಎರಡನೆಯದು ಕಾರಣ ಮತ್ತು ಕಾರ್ಯ. ಈ ಎರಡಕ್ಕೂ ಕನ್ನಡದಲ್ಲಿ 'ಅಷ್ಟು' ಎಂಬುದೇ ಬರುವುದರಿಂದ ನಮ್ಮ ವಿದ್ಯಾರ್ಥಿಗಳು ಇಲ್ಲಿ ಎಡವುವುದು ಸುಲಭ. ಎದುರಿಗೆ ಅಳತೆಗೋಲು ನಿಂತಿದ್ದರೆ ಕೋಮೊ, ಎದುರಿಗೆ ಪರಿಣಾಮ ನಿಂತಿದ್ದರೆ ಕೆ ಎಂದು ತಿಳಿಯತಕ್ಕದ್ದು.

ಈಗ ನಮ್ಮ ವಿಷಯದ ಅತ್ಯಂತ ಸ್ವಾರಸ್ಯವಾದ ಭಾಗಕ್ಕೆ ಬರುತ್ತೇವೆ. ತಾಯಿಯೊಬ್ಬಳು ಮಗನಿಗೆ, 'ನಿನ್ನ ತಮ್ಮನಷ್ಟೇ ನಿನ್ನನ್ನೂ ಪ್ರೀತಿಸುತ್ತೇನೆ' ಎಂದಳೆಂದು ಇಟ್ಟುಕೊಳ್ಳೋಣ. ಆಕೆಯ ಅಭಿಪ್ರಾಯವೇನು? ತಮ್ಮನ ಮೇಲೆ ತನಗಿರುವಷ್ಟೇ ಪ್ರೀತಿ ನಿನ್ನ ಮೇಲೂ ಇದೆ ಎಂದೇ? ಅಥವಾ ನಿನ್ನ ತಮ್ಮನು ನಿನ್ನನ್ನು ಎಷ್ಟು ಪ್ರೀತಿಸುತ್ತಾನೋ ನಾನೂ ಅಷ್ಟು ಪ್ರೀತಿಸುತ್ತೇನೆ ಎಂದೇ? ಕನ್ನಡ ವಾಕ್ಯದಲ್ಲಿ ಎರಡೂ ಅರ್ಥಗಳಿಗೆ ಎಡೆಯಿದೆ. ಇಂಗ್ಲಿಷಿನಲ್ಲಿಯೂ ಇದೇ ಸಂದಿಗ್ಧ. ಸಂದರ್ಭ ನಮ್ಮನ್ನು ಕಾಪಾಡುತ್ತದೆಯೇ ಹೊರತು ವ್ಯಾಕರಣ ಕಾಪಾಡುವುದಿಲ್ಲ. ಸ್ಪ್ಯಾನಿಷ್ ತಾಯಿ ಹೇಳುವುದು ಹೀಗೆ: ತೆ ಕಿಯೇರೊ ತಾಂತೊ ಕೋಮೊ ಆ ತು ಎರ್ಮಾನೊ. ಕೋಮೊ ಆದ ಮೇಲೆ ಬಂದ 'ಆ' ಎಂಬ ಒಂದು ಸ್ವರವನ್ನು ಗಮನಿಸಬೇಕು. ಕ್ರಿಯೆಗೆ ಕರ್ಮವಾಗಿ ವ್ಯಕ್ತಿಯೊಬ್ಬನು ಬಂದರೆ ಅವನ ಮುಂದೆ ಈ 'ಆ' ಎಂಬುದನ್ನು ಇಡುವುದು ಆ ಭಾಷೆಯ ಪದ್ಧತಿ. ಅದು ನಮ್ಮ 'ಅನ್ನು' ಎಂಬ ವಿಭಕ್ತಿಪ್ರತ್ಯಯದಂತೆ. ಆದುದರಿಂದ ತಮ್ಮನು ಇಲ್ಲಿ ಪ್ರೀತಿಸಲ್ಪಡುವವನು. ಮಕ್ಕಳಿಬ್ಬರೂ ತಾಯಿಯ ತಕ್ಕಡಿಯಲ್ಲಿ ಸರಿಸಮರು. ಆ ಸ್ವರವನ್ನು ತೆಗೆದು ತಾಂತೊ ಕೋಮೊ ತು ಎರ್ಮಾನೊ ಎಂದರೆ, ತಮ್ಮನು ಪ್ರೀತಿಸುವವನಾಗುತ್ತಾನೆ. ಆಗ ತಕ್ಕಡಿಯಲ್ಲಿರುವವರು ತಾಯಿಯೂ ತಮ್ಮನೂ. ಯಾರಿಗೆ ಸಮ ಎಂಬ ಪ್ರಶ್ನೆಯನ್ನು ಒಂದು ಸ್ವರ ನಿರ್ಣಯಿಸಿಬಿಟ್ಟಿತು.

ಸರ್ವನಾಮಗಳಲ್ಲಿಯೂ ಇದೇ ಶಿಸ್ತು. 'ನನ್ನಷ್ಟು ಎತ್ತರ' ಎನ್ನುವಾಗ ಸ್ಪ್ಯಾನಿಷರು ತಾನ್ ಆಲ್ತೊ ಕೋಮೊ ಯೊ ಎನ್ನುತ್ತಾರೆ. ಯೊ ಎಂದರೆ 'ನಾನು', ಪ್ರಥಮಾ ವಿಭಕ್ತಿ. ನಾನು ಎತ್ತರವಾಗಿರುವಷ್ಟು ಎಂಬ ಪೂರ್ಣವಾಕ್ಯ ಮನಸ್ಸಿನಲ್ಲಿ ಅಡಗಿರುವುದರಿಂದ ಅಲ್ಲಿ ಕರ್ತೃರೂಪವೇ ನ್ಯಾಯ. ಇದೇ ಸ್ಥಳದಲ್ಲಿ ಇಂಗ್ಲಿಷಿನವರು ಕರ್ತೃರೂಪವೋ ಕರ್ಮರೂಪವೋ ಎಂದು ಬಹುಕಾಲದಿಂದ ಚರ್ಚಿಸುತ್ತಿದ್ದಾರೆ. ಸ್ಪ್ಯಾನಿಷ್‌ನಲ್ಲಿ ಈ ಚರ್ಚೆಗೆ ಆಸ್ಪದವಿಲ್ಲ.

ಸಮವೆಂಬುದು ಒಂದೇ ಎಂಬುದಲ್ಲ ಎಂದು ಆರಂಭದಲ್ಲಿ ಸೂಚಿಸಿದೆವು. ಸ್ಪ್ಯಾನಿಷ್‌ನಲ್ಲಿ ಈ ಎರಡಕ್ಕೂ ಬೇರೆ ಬೇರೆ ಶಬ್ದಗಳಿವೆ. 'ಅದೇ' ಎಂಬುದಕ್ಕೆ ಮೀಸ್ಮೊ. ನಾವಿಬ್ಬರೂ ಓದಿದ್ದು ಅದೇ ಪುಸ್ತಕ ಎನ್ನುವಾಗ ಎಲ್ ಮೀಸ್ಮೊ ಲೀಬ್ರೊ ಎನ್ನಬೇಕು. ಅಲ್ಲಿ ತಾಂತೊ ಬಾರದು. ಏಕೆಂದರೆ ಅಲ್ಲಿ ಅಳೆಯುವುದೇನೂ ಇಲ್ಲ, ಇರುವುದು ಒಂದೇ ವಸ್ತು. ಇವೆರಡರ ನಡುವೆ ಇಗ್ವಾಲ್ ಎಂಬ ಮೂರನೆಯ ಶಬ್ದವೊಂದಿದೆ. 'ಸಮಾನ' ಎಂದು ಅದರ ಅರ್ಥ. ಇಗ್ವಾಲ್ ದೆ ಆಲ್ತೊ ಕೆ ಹ್ವಾನ್ ಎಂದರೆ 'ಎತ್ತರದಲ್ಲಿ ಹ್ವಾನನಿಗೆ ಸರಿಸಮಾನ.' ಮೀಸ್ಮೊ, ಇಗ್ವಾಲ್ ಈ ಎರಡಕ್ಕೂ ಜೊತೆಯಾಗಿ ಬರತಕ್ಕದ್ದು ಕೆ ಎಂಬುದೇ, ಕೋಮೊ ಅಲ್ಲ. ಹಾಗಾದರೆ ಇಗ್ವಾಲ್ ಎಂಬುದಕ್ಕೂ ತಾನ್ ಕೋಮೊ ಎಂಬುದಕ್ಕೂ ಏನು ವ್ಯತ್ಯಾಸ? 'ಪೇದ್ರೊ ಹ್ವಾನನಷ್ಟು ಎತ್ತರ, ಹೆಚ್ಚಲ್ಲದಿದ್ದರೆ' ಎಂದು ತಾನ್ ಕೋಮೊ ವಾಕ್ಯಕ್ಕೆ ಬಾಲ ಸೇರಿಸಬಹುದು, ವಿರೋಧ ಬರುವುದಿಲ್ಲ. ಎಂದರೆ ತಾನ್ ಕೋಮೊ ಎಂಬುದು, ಇಷ್ಟಕ್ಕೆ ಕಡಮೆಯಿಲ್ಲ ಎಂದು ಕೆಳಗಿನ ಗೆರೆಯನ್ನು ಎಳೆಯುತ್ತದೆ. ಮೇಲಿನ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆಯುವುದಿಲ್ಲ. ಇಗ್ವಾಲ್ ಎಂಬುದು ಎರಡು ಗೆರೆಗಳನ್ನೂ ಎಳೆಯುತ್ತದೆ. ಕನ್ನಡದಲ್ಲಿ 'ಅವನಷ್ಟು' ಎಂಬುದಕ್ಕೂ ಒತ್ತಿ ಹೇಳಿದ 'ಅವನಷ್ಟೇ' ಎಂಬುದಕ್ಕೂ ಇರುವ ಅಂತರವನ್ನು ಇದಕ್ಕೆ ಹತ್ತಿರವೆನ್ನಬಹುದು. ನಿಷೇಧಿಸಿದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನೊ ಎಸ್ ತಾನ್ ಆಲ್ತೊ ಕೋಮೊ ಹ್ವಾನ್, 'ಹ್ವಾನನಷ್ಟು ಎತ್ತರವಿಲ್ಲ' ಎಂದರೆ, ಕೇಳಿದವರು ಅವನು ಕುಳ್ಳಗಿದ್ದಾನೆಂದು ತಿಳಿಯುತ್ತಾರೆಯೇ ಹೊರತು ಹೆಚ್ಚು ಎತ್ತರವಿರಬಹುದೆಂದು ತಿಳಿಯುವುದಿಲ್ಲ. ನಮ್ಮಲ್ಲಿಯೂ ಹಾಗೆಯೇ.

ಕಡೆಯದಾಗಿ ಒಂದು ಪ್ರಯೋಗವನ್ನು ಹೇಳಬೇಕು. ತಾಂತೊ ಎನ್ ಎಸ್ಪಾನ್ಯ ಕೋಮೊ ಎನ್ ಅಮೇರಿಕ ಎಂಬ ಮಾತಿನಲ್ಲಿ ಯಾವ ಅಳತೆಯೂ ಇಲ್ಲ. 'ಸ್ಪೇನಿನಲ್ಲಿಯೂ ಅಮೆರಿಕದಲ್ಲಿಯೂ' ಎಂದಷ್ಟೇ ಅರ್ಥ. ಸಮತೆಯನ್ನು ಹೇಳುತ್ತ ಹೇಳುತ್ತ ಆ ಜೋಡಿಪದ 'ಮತ್ತು' ಎಂಬ ಸಮುಚ್ಚಯಾರ್ಥಕ್ಕೆ ಬಂದು ನಿಂತಿದೆ. ಒಂದು ಮಾತು ಇಬ್ಬರಿಗೂ ಸಮವಾಗಿ ಸಲ್ಲುವುದಾದರೆ ಆ ಇಬ್ಬರನ್ನೂ ಒಟ್ಟಿಗೆ ಹೇಳಿದಂತೆಯೇ ಅಲ್ಲವೆ?

ಸ್ಪೇನ್ ಮತ್ತು ಅಮೆರಿಕ ಎಂಬ ಈ ಜೋಡಿಯನ್ನು ನಾವು ಉದ್ದೇಶಪೂರ್ವಕವಾಗಿಯೇ ಆರಿಸಿಕೊಂಡೆವು. ಈ ವ್ಯಾಕರಣದ ಅಂಶ ಒಂದು ದೊಡ್ಡ ವಿವಾದದ ನಡುವೆ ಹೇಗೆ ಕೆಲಸಮಾಡಿತೆಂಬುದನ್ನು ಹೇಳಿ ಮುಗಿಸುತ್ತೇವೆ. ಸ್ಪ್ಯಾನಿಷ್ ಭಾಷೆಯ ಸಂರಕ್ಷಣೆಗೆಂದು ಸ್ಪೇನಿನಲ್ಲಿ 1713ರಲ್ಲಿ ರಾಜಾಶ್ರಯದ ಪರಿಷತ್ತೊಂದು ಹುಟ್ಟಿತು. 1771ರಲ್ಲಿ ಅದು ತನ್ನ ಮೊದಲ ವ್ಯಾಕರಣವನ್ನು ಪ್ರಕಟಿಸಿತು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾದವು. ರಾಜ್ಯ ಹೋಯಿತು, ಭಾಷೆ ಉಳಿಯಿತು. ಆದರೆ ಅಲ್ಲಿಯ ನುಡಿ ಕ್ಯಾಸ್ಟೀಲಿನ ನುಡಿಯಂತೆಯೇ ಇರಲಿಲ್ಲ. ನಾವು ಮೇಲೆ ಪಸಿಯೆನ್ಸಿಯ ಎಂದು ಸಕಾರದಿಂದ ಬರೆದ ಶಬ್ದವನ್ನು ಸ್ಪೇನಿನ ಉತ್ತರ ಮತ್ತು ಮಧ್ಯಭಾಗದವರು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ನುಡಿಯುತ್ತಾರೆ. ಅಮೆರಿಕದವರೂ ಸ್ಪೇನಿನಲ್ಲಿಯೇ ಆಂಡಲೂಸಿಯದ ಬಹುಮಂದಿಯೂ ಸಕಾರವನ್ನೇ ನುಡಿಯುತ್ತಾರೆ. 'ನೀನು' ಎಂಬುದಕ್ಕೆ ತೂ ಎನ್ನುವ ಕಡೆ ಅರ್ಜೆಂಟೀನದವರು ವೊಸ್ ಎನ್ನುತ್ತಾರೆ. ಇಂಥವನ್ನೆಲ್ಲ ಅಪಭ್ರಂಶವೆಂದು ತಿರಸ್ಕರಿಸಬೇಕೆ, ಅಥವಾ ಪ್ರತಿಯೊಂದು ದೇಶವೂ ತನ್ನ ದಾರಿಯನ್ನು ತಾನು ಹಿಡಿಯಬೇಕೆ?

ಈ ಪ್ರಶ್ನೆಗೆ ಉತ್ತರ ಹೇಳಿದವನು ಆಂದ್ರೇಸ್ ಬೇಯೊ. ಅವನು ವೆನೆಜುವೇಲದ ಕರಾಕಾಸಿನಲ್ಲಿ 1781ರಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಸೀಮೋನ್ ಬೊಲೀವಾರನಿಗೆ ಪಾಠ ಹೇಳಿದವರಲ್ಲಿ ಅವನೂ ಒಬ್ಬ. 1810ರಿಂದ 1829ರವರೆಗೆ ಲಂಡನ್ನಿನಲ್ಲಿದ್ದು, ಆ ಮೇಲೆ ಚಿಲಿ ದೇಶಕ್ಕೆ ಹೋಗಿ ಅಲ್ಲಿಯ ವಿಶ್ವವಿದ್ಯಾನಿಲಯದ ಮೊದಲನೆಯ ಅಧ್ಯಕ್ಷನಾದನು. 1847ರಲ್ಲಿ ಅವನು ಪ್ರಕಟಿಸಿದ ಕ್ಯಾಸ್ಟಿಲಿಯನ್ ವ್ಯಾಕರಣ ಅಮೆರಿಕದವರ ಉಪಯೋಗಕ್ಕಾಗಿ ಎಂದೇ ತನ್ನ ಹೆಸರಿನಲ್ಲಿ ಹೇಳಿಕೊಂಡಿತು. ಲ್ಯಾಟಿನ್ ಒಡೆದು ಹಲವು ಭಾಷೆಗಳಾದ ಹಾಗೆ ಸ್ಪ್ಯಾನಿಷ್ ಸಹ ಅಮೆರಿಕದಲ್ಲಿ ಒಡೆದುಹೋದೀತೆಂಬ ಭಯ ಅವನಿಗೆ ಇತ್ತು. ಭಾಷೆಯ ಐಕ್ಯ ಅವನಿಗೆ ಬೇಕಾಗಿತ್ತು. ಆದರೆ ಅಮೆರಿಕದ್ದೆಲ್ಲ ದೋಷವೆನ್ನುವುದಕ್ಕೆ ಅವನು ಸಿದ್ಧನಾಗಿರಲಿಲ್ಲ. ವಿದ್ಯಾವಂತರ ಏಕರೂಪವಾದ ರೂಢಿಯ ಬೆಂಬಲವಿದ್ದರೆ, ತಮ್ಮ ನುಡಿಯ ಭೇದಗಳಿಗೆ ಮನ್ನಣೆ ಪಡೆಯಲು ಸ್ಪೇನಿನ ಅರಾಗಾನ್, ಆಂಡಲೂಸಿಯಗಳಿಗೆ ಇರುವಷ್ಟೇ ಹಕ್ಕು ಚಿಲಿ, ವೆನೆಜುವೇಲಗಳಿಗೂ ಇದೆಯೆಂದು ಮುನ್ನುಡಿಯಲ್ಲಿ ವಾದಿಸಿದನು.

ಅವನು ಆ ವಾದವನ್ನು ಹೇಳಿದ ವಾಕ್ಯ ನಮ್ಮ ಎರಡನೆಯ ಬಗೆಗೆ ಸೇರಿದುದು. ಅಳೆದ ವಸ್ತು ಹಕ್ಕು, ಸ್ಪ್ಯಾನಿಷ್‌ನಲ್ಲಿ ದೆರೇಚೊ, ಪುಲ್ಲಿಂಗ, ಏಕವಚನ, ಆದುದರಿಂದ ತಾಂತೊ. ಅದರ ಜೊತೆಗೆ ಅಳತೆಗೋಲನ್ನು ತೋರುವ ಕೋಮೊ. ಅವನು ಮೀಸ್ಮೊ ಎಂಬ ಶಬ್ದದಿಂದ ಎರಡು ಕಡೆಯ ನುಡಿಯೂ ಒಂದೇ ಎಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಚಿಲಿಯ ನುಡಿ ಮೇಲು, ಸ್ಪೇನಿ​ನದು ಕೀಳು ಎಂದೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದು ಜಗಳವಾಗುತ್ತಿತ್ತು. ನುಡಿಗಳು ಬೇರೆ ಬೇರೆಯಾಗಿದ್ದರೂ ಹಕ್ಕಿನ ಪ್ರಮಾಣ ಸಮ ಎಂದನು. ಅಳತೆಗೋಲನ್ನೂ ಅವನು ಯೋಚಿಸಿಯೇ ಆರಿಸಿದನು. ಕ್ಯಾಸ್ಟೀಲನ್ನು ಹಿಡಿಯದೆ, ಸ್ಪೇನಿನೊಳಗೇ ಇದ್ದು ತಮ್ಮದೇ ರೂಢಿಗಳನ್ನುಳ್ಳ ಎರಡು ಪ್ರಾಂತಗಳನ್ನು ಹಿಡಿದನು. ಯಾವುದರಲ್ಲಿ ಸಮ, ಯಾರಿಗೆ ಸಮ ಎಂಬ ಎರಡು ಪ್ರಶ್ನೆಗಳಿಗೂ ಅವನ ವಾಕ್ಯದಲ್ಲಿ ಉತ್ತರವಿದೆ.

ಆ ವಾದ ಫಲಿಸುವುದಕ್ಕೆ ಬಹುಕಾಲ ಹಿಡಿಯಿತು. 1951ರಲ್ಲಿ ಮೆಕ್ಸಿಕೋವಿನಲ್ಲಿ ಸ್ಪ್ಯಾನಿಷ್ ಭಾಷಾಪರಿಷತ್ತುಗಳ ಸಂಘವೊಂದು ಏರ್ಪಟ್ಟಿತು. 2009ರಲ್ಲಿ, ಎಂದರೆ ಬೇಯೊವಿನ ಗ್ರಂಥ ಹೊರಬಂದ 162 ವರ್ಷಗಳ ಮೇಲೆ, ಸ್ಪೇನಿನ ಪರಿಷತ್ತೂ ಅಮೆರಿಕದ ಪರಿಷತ್ತುಗಳೂ ಕೂಡಿ ರಚಿಸಿದ ಹೊಸ ವ್ಯಾಕರಣ ಪ್ರಕಟವಾಯಿತು. ಅದರಲ್ಲಿ ಸಾಗರದ ಎರಡು ದಡಗಳ ಪ್ರಯೋಗಗಳಿಗೂ ಸ್ಥಾನ ದೊರಕಿದೆ. ತಾನ್ ಆಲ್ತೊ ಕೋಮೊ ತೂ ಎಂದು ಮ್ಯಾಡ್ರಿಡ್ಡಿನವನು ಹೇಳಲಿ, ತಾನ್ ಆಲ್ತೊ ಕೋಮೊ ವೊಸ್ ಎಂದು ಬ್ಯೂನಸ್ ಐರಿಸ್ಸಿನವನು ಹೇಳಲಿ, ಎರಡು ವಾಕ್ಯಗಳ ಕಟ್ಟಡವೂ ಒಂದೇ. ಬದಲಾದದ್ದು ಸರ್ವನಾಮ ಮಾತ್ರ. ಸಮತೆಯನ್ನು ಹಿಡಿದಿರುವ ತಾನ್, ಕೋಮೊ ಎಂಬ ಎರಡು ಶಬ್ದಗಳು ಎರಡು ಕಡೆಯಲ್ಲಿಯೂ ಇದ್ದಲ್ಲಿಯೇ ಇವೆ.